ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ಮಾಡೆಲ್ ನೋಡಬೇಕೋ, ಮೀಟರ್ ಗಂಟೆ ನೋಡಬೇಕೋ?

ಎರೆಹೊಲ (ರಾಣೇಬೆನ್ನೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೇಬೆನ್ನೂರು ತಾಲೂಕು, ಎಂಟು ಎಕರೆ ಎರೆ ಭೂಮಿ. ಗೋವಿನಜೋಳ, ಹತ್ತಿ, ಸ್ವಲ್ಪ ಮೆಣಸಿನಕಾಯಿ ಬೆಳೆಯುತ್ತೇವೆ. ಈ ಮುಂಗಾರಿಗೆ ಮೊದಲು ಒಂದು ಹಳೇ ಟ್ರ್ಯಾಕ್ಟರ್ ತರಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಎರಡೂ 45 ಎಚ್‌ಪಿ ಆಸುಪಾಸಿನವು, ಒಂದೇ ಕಂಪನಿಯವು. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಮಾತೆಲ್ಲ ಅದರ ಮೇಲೇ ಹೋಗುತ್ತದೆ.

ಮೊದಲನೆಯದು 2012ರ ಮಾಡೆಲ್. ಚನ್ನಗಿರಿ ಕಡೆಯ ಅಡಿಕೆ ತೋಟದವರದ್ದು, ಒಬ್ಬರೇ ಮಾಲೀಕರು. ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್‌ನಲ್ಲಿ 3,240 ಗಂಟೆ ಇದೆ. 3 ಲಕ್ಷ 10 ಸಾವಿರ ಹೇಳುತ್ತಿದ್ದಾರೆ.

ಎರಡನೆಯದು 2020ರ ಮಾಡೆಲ್. ಹರಿಹರದ ಕಡೆ ಬಾಡಿಗೆಗೆ ಓಡಿದ ಗಾಡಿ. ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆದಿದೆ, ಕಬ್ಬಿನ ಟ್ರಾಲಿಯನ್ನೂ ಎಳೆದಿದೆ. ಮೀಟರ್ 5,800 ತೋರಿಸುತ್ತದೆ. 4 ಲಕ್ಷ 60 ಸಾವಿರ ಕೇಳುತ್ತಿದ್ದಾರೆ.

ಹನ್ನೆರಡರ ಮಾಡೆಲ್ ತಂದು ಮನೆ ಮುಂದೆ ನಿಲ್ಲಿಸಿದರೆ ಊರವರು ಏನಂತಾರೆ ಅಂತ ಅಪ್ಪ ಕೇಳುತ್ತಾರೆ. ಗೆಳೆಯರು 5,800 ಗಂಟೆ ಅಂದ ಕೂಡಲೇ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಕೆಲಸ ಗ್ಯಾರಂಟಿ ಅನ್ನುತ್ತಾರೆ. ನನ್ನ ಕೆಲಸ ಇಷ್ಟೇ: ನಮ್ಮ ಎಂಟು ಎಕರೆ, ಚಿಕ್ಕಪ್ಪನ ಐದು ಎಕರೆ, ಬಿಡುವಿದ್ದಾಗ ಅಕ್ಕಪಕ್ಕದವರಿಗೆ ಸ್ವಲ್ಪ ಬಾಡಿಗೆ. ವರ್ಷಕ್ಕೆ 250 ಗಂಟೆ ದಾಟುವುದಿಲ್ಲ ಅಂತ ನನ್ನ ಅಂದಾಜು. ತಿಳಿದವರು ಹೇಳಿ.

ಕಬ್ಬಿನ ಗದ್ದೆ (ಮಂಡ್ಯ)

2020ರದ್ದನ್ನೇ ತಗೊಳ್ಳಿ, ಯೋಚನೆ ಬೇಡ. ಆರ್‌ಸಿ 2035ರವರೆಗೆ ಇರುತ್ತದೆ. ಪವರ್ ಸ್ಟೀರಿಂಗ್, ಆಯಿಲ್ ಬ್ರೇಕ್ ಎರಡೂ ಇರುವ ಸಾಧ್ಯತೆ ಜಾಸ್ತಿ. ಹಳೇ ಗಾಡಿಗೆ ಸಾಲ ಕೊಡುವವರು ಮೊದಲು ಮಾಡೆಲ್ ವರ್ಷವನ್ನೇ ಕೇಳುತ್ತಾರೆ, ಗಂಟೆಯನ್ನಲ್ಲ. ನಾಳೆ ಮಾರುವಾಗಲೂ ಅಷ್ಟೇ. ಕೊಳ್ಳಲು ಬಂದವನ ಮೊದಲ ಪ್ರಶ್ನೆ "ಯಾವ ಮಾಡೆಲ್?" ಅಂತ. ಎಂಜಿನ್ ಕೆಲಸ ಬಂದರೆ ಮಾಡಿಸಿಕೊಳ್ಳಬಹುದು. ಮಾಡೆಲ್ ವರ್ಷವನ್ನು ಯಾವ ಮೆಕ್ಯಾನಿಕ್ಕೂ ಬದಲಾಯಿಸಿ ಕೊಡಲಾರ.

ಗ್ಯಾರೇಜ್ ಮೇಸ್ತ್ರಿ (ದಾವಣಗೆರೆ)

ಎರೆಹೊಲ ಅವರೇ, ಗಂಟೆ ಮತ್ತು ವರ್ಷ ತೂಗುವ ಮೊದಲು ಆ ಮೀಟರ್ ಹೇಗೆ ಓಡುತ್ತದೆ ಅಂತ ತಿಳಿದುಕೊಳ್ಳಿ.

ಹಳೇ ಗಾಡಿಗಳಲ್ಲಿ ಎಂಜಿನ್‌ನಿಂದ ಒಂದು ಕೇಬಲ್ ಬಂದು ಮೀಟರ್ ತಿರುಗಿಸುತ್ತದೆ. ಅದು ಗಡಿಯಾರದ ಗಂಟೆ ಎಣಿಸುವುದಿಲ್ಲ, ಎಂಜಿನ್ ಸುತ್ತು ಎಣಿಸುತ್ತದೆ. ಕಂಪನಿ ಇಟ್ಟ ಒಂದು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಓಡಿದಾಗ ಮಾತ್ರ ಮೀಟರಿನ ಒಂದು ಗಂಟೆ ಗಡಿಯಾರದ ಒಂದು ಗಂಟೆಗೆ ಸಮ. ಉದಾಹರಣೆಗೆ ಅದು 1,500 ಅಂತ ಇಟ್ಟುಕೊಳ್ಳಿ. ಗಾಡಿ 750ರಲ್ಲಿ ಸುಮ್ನೆ ಸ್ಟಾರ್ಟ್ ಆಗಿ ನಿಂತಿದ್ದರೆ ಒಂದು ಗಂಟೆಗೆ ಮೀಟರ್ ಅರ್ಧ ಗಂಟೆ ತೋರಿಸುತ್ತದೆ. 2,000ದಲ್ಲಿ ಓಡಿಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತದೆ. ಹೊಸ ಡಿಜಿಟಲ್ ಮೀಟರ್‌ಗಳು ಸಾಮಾನ್ಯವಾಗಿ ಎಂಜಿನ್ ಓಡಿದ ಹೊತ್ತನ್ನೇ ಎಣಿಸುತ್ತವೆ. ಹಾಗಾಗಿ ಒಂದರ 3,240ನ್ನೂ ಇನ್ನೊಂದರ 5,800ನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ.

ಇನ್ನೊಂದು ವಿಷಯ. ಆ ಕೇಬಲ್ ತುಂಡಾಗುವುದು ಬಹಳ ಸಾಮಾನ್ಯ. ತುಂಡಾದರೆ ಉಳುಮೆಗೆ ಏನೂ ತೊಂದರೆ ಇಲ್ಲ, ಹಾಗಾಗಿ ಯಾರೂ ಹಾಕಿಸುವುದಿಲ್ಲ. ಮೀಟರ್ ನಿಂತು ನಾಲ್ಕು ವರ್ಷ ಆಗಿರುತ್ತದೆ, ಮಾರುವವರು ಅದೇ ನಂಬರ್ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತಲೇ ಹೇಳುತ್ತಾರೆ ಅಂತಿಲ್ಲ, ಎಷ್ಟೋ ಸಲ ಅವರಿಗೇ ನೆನಪಿರುವುದಿಲ್ಲ. ನೀವು ಹೋದಾಗ ಎಂಜಿನ್ ರೇಸ್ ಮಾಡಿ, ಅದೇ ಕೇಬಲ್‌ನಿಂದ ಓಡುವ ಆರ್‌ಪಿಎಂ ಮುಳ್ಳು ಏಳುತ್ತದಾ ನೋಡಿ. ಏಳದಿದ್ದರೆ ಆ 3,240ನ್ನು ಮರೆತುಬಿಡಿ.

ಆಮೇಲೆ ಮೈ ನೋಡಿ. ಕ್ಲಚ್, ಬ್ರೇಕ್ ಪೆಡಲ್ ಎಷ್ಟು ಸವೆದಿವೆ, ಸ್ಟೀರಿಂಗ್ ಹಿಡಿಯುವ ಜಾಗ ಎಷ್ಟು ನುಣುಪಾಗಿದೆ, ಟ್ರಾಲಿ ಪಿನ್ ಹಾಕುವ ತೂತು ಉದ್ದಕ್ಕೆ ಎಳೆದಿದೆಯಾ ಅಂತ. 3,000 ಗಂಟೆಯ ತೋಟದ ಗಾಡಿಯಲ್ಲಿ ಪಿನ್ ತೂತು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ತುಂಗಭದ್ರಾ ನಾಲೆ (ಸಿಂಧನೂರು)

ಮೇಸ್ತ್ರಿ ಹೇಳಿದ್ದು ಸರಿ. ನಾನು ಇನ್ನೊಂದು ಸೇರಿಸುತ್ತೇನೆ. ಗಂಟೆ ಎಷ್ಟು ಅನ್ನುವುದಕ್ಕಿಂತ ಎಲ್ಲಿಯ ಗಂಟೆ ಅನ್ನುವುದು ದೊಡ್ಡ ವಿಷಯ.

ನಮ್ಮ ಕಡೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಎಲ್ಲ ಭತ್ತ. ಕೇಜ್ ವೀಲ್ (ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಕೆಸರಿಗೆ ಇಳಿಸಿದರೆ ಗಾಡಿ ಅಚ್ಚಿನವರೆಗೆ ಮುಳುಗುತ್ತದೆ. ಮುಂದಿನ ಹಬ್ಬಿಗೆ ನೀರು ಹೋಗುತ್ತದೆ. ಹಿಂದಿನ ಆಕ್ಸಲ್ ಸೀಲ್ ಹೋಗುತ್ತದೆ. ಹಳೇ ಡ್ರೈ ಬ್ರೇಕ್ ಇದ್ದರೆ ಅದರೊಳಗೆ ಕೆಸರು ಕೂರುತ್ತದೆ. ಹೌಸಿಂಗ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಅಂತ ಅರ್ಥ. ಕೆಸರುಗದ್ದೆಯಲ್ಲಿ 1,500 ಗಂಟೆ ಓಡಿದ ಗಾಡಿಗಿಂತ ಒಣ ಹೊಲದಲ್ಲಿ 4,000 ಗಂಟೆ ಓಡಿದ ಗಾಡಿಯ ಹಿಂಭಾಗ ಚೆನ್ನಾಗಿರುವುದನ್ನು ನಾನೇ ನೋಡಿದ್ದೇನೆ.

ಕೊಳ್ಳುವವರು ಮಾರುವವರ ಊರು ಕೇಳಿ ಸುಮ್ಮನಾಗಬಾರದು. ಬಾಡಿಗೆಗೆ ಎಲ್ಲೆಲ್ಲಿ ಹೋಗಿತ್ತು ಅಂತಲೂ ಕೇಳಬೇಕು. ಹರಿಹರದ ಗಾಡಿ ಭದ್ರಾ ನಾಲೆಯ ಗದ್ದೆಗಳಿಗೂ ಇಳಿದಿರಬಹುದು. ಚಕ್ರದ ಒಳಬದಿ, ಆಕ್ಸಲ್ ಬುಡದಲ್ಲಿ ಹಳೇ ಕೆಸರಿನ ಪದರ ಇದ್ದೇ ಇರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ತೆಂಗಿನ ಮನೆ (ಹೊಸದುರ್ಗ)

ನಮ್ಮ ಮನೆಯ ಗಾಡಿಯ ವಿಷಯ ಹೇಳುತ್ತೇನೆ. "ಕಡಿಮೆ ಗಂಟೆ" ಅಂದ ಕೂಡಲೇ ಖುಷಿಪಡುವವರಿಗೆ ಉಪಯೋಗ ಆಗಬಹುದು.

ಮಾವನವರು ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ನಾವು ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದಾಗ ಮೀಟರ್‌ನಲ್ಲಿ 1,100 ಗಂಟೆ ಮಾತ್ರ ಇತ್ತು. ಮೀಟರ್ ಸರಿಯಾಗಿಯೇ ಇತ್ತು, ಅದು ನಿಜವಾದ ಲೆಕ್ಕ. ಆದರೆ ಓಡಿಸಲು ಹೋದರೆ ಕ್ಲಚ್ ಬಿಡಲೇ ಇಲ್ಲ. ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿತ್ತು. ಡೀಸೆಲ್ ಟ್ಯಾಂಕಿನ ಒಳಗೆ ತುಕ್ಕು ಬಂದು ಪಂಪ್ ಜಾಮ್ ಆಗಿತ್ತು. ವೈರಿಂಗ್ ಅರ್ಧ ಇಲಿ ತಿಂದಿತ್ತು. ಟೈರ್ ನೋಡಲು ಹೊಸದರ ಹಾಗೆ ಇದ್ದವು, ಗಾಳಿ ತುಂಬಿದರೆ ಬದಿಯಲ್ಲೆಲ್ಲ ಬಿರುಕು. ಎಲ್ಲ ಸರಿ ಮಾಡಿ ಹೊಲಕ್ಕೆ ಇಳಿಸಿದ ಮೇಲೆ ಒಣಗಿದ್ದ ಆಯಿಲ್ ಸೀಲ್‌ಗಳು ಒಂದೊಂದಾಗಿ ಸೋರಲು ಶುರು ಮಾಡಿದವು.

ಆದರೆ ಇದನ್ನೂ ಹೇಳಬೇಕು. ಆ ಖರ್ಚೆಲ್ಲ ಒಂದೇ ಸಲ ಬಂದು ಮುಗಿಯಿತು. ಎಂಜಿನ್ ಮುಟ್ಟಲೇ ಇಲ್ಲ. ಈಗಲೂ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ.

ಎರೆಹೊಲ (ರಾಣೇಬೆನ್ನೂರು)

ಅಕ್ಕಾ, ತುಂಬಾ ಉಪಕಾರ ಆಯಿತು. ಚನ್ನಗಿರಿಯವರು ಈಗಲೂ ಓಡಿಸುತ್ತಿದ್ದಾರಾ, ನಿಲ್ಲಿಸಿ ಎಷ್ಟು ದಿನ ಆಯಿತು ಅಂತ ನಾನು ಕೇಳಿಯೇ ಇರಲಿಲ್ಲ. ಕೇಳುತ್ತೇನೆ.

ಬೈಲಹೊಂಗಲ ರೈತ

ಎಂಟು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಯಾಕೆ ಬೇಕು? ಬಾಡಿಗೆಗೆ ಸಿಗುತ್ತದೆ, ಹೋಬಳಿ ಮಟ್ಟದಲ್ಲಿ ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ. 3 ಲಕ್ಷದ ಬಡ್ಡಿಯಲ್ಲೇ ಬಾಡಿಗೆ ಮುಗಿಯುತ್ತದೆ.

ಎರೆಹೊಲ (ರಾಣೇಬೆನ್ನೂರು)

ಲೆಕ್ಕದಲ್ಲಿ ನೀವು ಹೇಳಿದ್ದು ಸರಿ ಅಣ್ಣಾ. ಆದರೆ ಎರೆ ಭೂಮಿ ನಿಮಗೂ ಗೊತ್ತು. ಮಳೆ ಬಿದ್ದ ಮೇಲೆ ಹದ ಸಿಗುವುದು ಎರಡು ಮೂರು ದಿನ. ಮೊದಲ ದಿನ ಕಾಲು ಹೂತುಹೋಗುತ್ತದೆ, ಐದನೇ ದಿನ ಹೆಂಟೆ ಗಟ್ಟಿಯಾಗುತ್ತದೆ. ಆ ಮೂರು ದಿನ ಊರಿನವರಿಗೆಲ್ಲ ಒಟ್ಟಿಗೆ ಗಾಡಿ ಬೇಕು. ಹೋದ ವರ್ಷ ರೋಹಿಣಿ ಮಳೆಗೆ ಬಿತ್ತಬೇಕಿದ್ದ ಗೋವಿನಜೋಳ ಗಾಡಿ ಸಿಗದೆ ಮೃಗಶಿರಾ ಕಳೆದ ಮೇಲೆ ಬಿತ್ತಿದೆವು. ಇಳುವರಿ ಎಷ್ಟು ಕಡಿಮೆಯಾಯಿತು ಅಂತ ಮನೆಯವರಿಗೆಲ್ಲ ಗೊತ್ತು. ನಮಗೆ ಬೇಕಾಗಿರುವುದು ಹದದ ದಿನ ಕೈಯಲ್ಲಿರುವ ಗಾಡಿ.

ಯಂತ್ರ ಪಾಠ (ರಾಯಚೂರು)

ಈ ಮಾತು ಬಂದದ್ದು ಒಳ್ಳೆಯದಾಯಿತು. ತೀರ್ಮಾನ ಇದರಲ್ಲೇ ಇದೆ. ನಾನು ಕೃಷಿ ಎಂಜಿನಿಯರಿಂಗ್ ಓದಿದವನು, ಸ್ವಲ್ಪ ಲೆಕ್ಕ ಹಾಕುತ್ತೇನೆ.

ನಮ್ಮ ಪಠ್ಯಗಳಲ್ಲಿ ಟ್ರ್ಯಾಕ್ಟರ್ ಖರ್ಚು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಹಿಡಿಯುವುದು ವರ್ಷಕ್ಕೆ 1,000 ಗಂಟೆ, 10 ವರ್ಷ ಆಯುಸ್ಸು. ಅಂದರೆ 10,000 ಗಂಟೆ. ಇದು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ, ಪ್ರತಿ ಗಾಡಿಗೂ ಗ್ಯಾರಂಟಿ ಅಲ್ಲ. ಆದರೂ ಅಳತೆಗೆ ಸಾಕು. ಹರಿಹರದ ಗಾಡಿ ವರ್ಷಕ್ಕೆ ಸುಮಾರು 1,000 ಗಂಟೆ ಓಡಿದೆ, ಬಾಡಿಗೆ ಗಾಡಿಗೆ ಸರಿಯಾದ ಓಟ. ಚನ್ನಗಿರಿಯದ್ದು ಮೀಟರ್ ನಿಜವಾದರೆ ವರ್ಷಕ್ಕೆ 250ರ ಆಸುಪಾಸು.

ಈಗ ಹಿಂದೆ ಓಡಿದ್ದನ್ನು ಬಿಟ್ಟು ಮುಂದೆ ನೀವು ಓಡಿಸುವುದನ್ನು ನೋಡಿ. ಆರಡಿ ರೋಟವೇಟರ್ ಒಂದು ಎಕರೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಪಲ್ಟಿ, ಕಲ್ಟಿವೇಟರ್, ಬಿತ್ತನೆ, ರಾಶಿ, ಸಾಗಣೆ ಎಲ್ಲ ಸೇರಿಸಿದರೂ 13 ಎಕರೆಗೆ ನೂರು ನೂರೈವತ್ತು ಗಂಟೆ. ಬಾಡಿಗೆ ಸೇರಿ 250 ಅಂತ ನೀವು ಹೇಳಿದ್ದು ಸರಿಯಾಗಿದೆ. ಈ ವೇಗದಲ್ಲಿ ಹತ್ತು ವರ್ಷ ಓಡಿಸಿದರೂ ನೀವು ಸೇರಿಸುವುದು 2,500 ಗಂಟೆ. 3,240ರ ಗಾಡಿ ಆಗಲೂ 6,000 ದಾಟಿರುವುದಿಲ್ಲ. 5,800ರದ್ದು 8,300ಕ್ಕೆ ಬಂದಿರುತ್ತದೆ.

ವರ್ಷಕ್ಕೆ 250 ಗಂಟೆ ಓಡಿಸುವವರ ಕೈಯಲ್ಲಿ ಚೆನ್ನಾಗಿರುವ ಎಂಜಿನ್ ಸವೆಯುವುದಕ್ಕೆ ಮೊದಲು ರಬ್ಬರ್, ಸೀಲ್, ಹೋಸ್, ಟೈರ್, ವೈರಿಂಗ್ ಹಳೆಯದಾಗುತ್ತವೆ. ವರ್ಷಕ್ಕೆ 1,000 ಗಂಟೆ ಓಡಿಸುವವರ ಕೈಯಲ್ಲಿ ಸೀಲ್ ಒಣಗುವ ಮೊದಲು ರಿಂಗ್, ಲೈನರ್, ಕ್ಲಚ್ ಹೋಗುತ್ತವೆ. ನೀವು ಮೊದಲನೇ ಗುಂಪು. ಹಾಗಾಗಿ ಚನ್ನಗಿರಿ ಗಾಡಿಯಲ್ಲಿ ವಯಸ್ಸಿನಿಂದ ಹಾಳಾಗುವ ಭಾಗಗಳನ್ನು ಪಟ್ಟಿ ಮಾಡಿ, ಅಷ್ಟು ದುಡ್ಡನ್ನು ಅದರ ಬೆಲೆಗೆ ಸೇರಿಸಿ. ಹರಿಹರ ಗಾಡಿಯಲ್ಲಿ ಗಂಟೆಯಿಂದ ಸವೆಯುವ ಭಾಗಗಳನ್ನು ನೋಡಿ, ಅಷ್ಟನ್ನೂ ಅದರ ಬೆಲೆಗೆ ಸೇರಿಸಿ. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅವರ ವರದಿಯಲ್ಲಿ ನಿಮ್ಮ ಮಾಡೆಲ್ ಪಿಟಿಒದಲ್ಲಿ (ರೋಟವೇಟರ್‌ನಂಥ ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ನಿಜವಾಗಿ ಎಷ್ಟು ಎಚ್‌ಪಿ ಕೊಡುತ್ತದೆ ಅಂತ ಇರುತ್ತದೆ. ಎರೆ ಭೂಮಿಯಲ್ಲಿ ರೋಟವೇಟರ್ ಹೊಡೆಯುವವರು ಅದನ್ನು ಓದಬೇಕು.

ಕಬ್ಬಿನ ಗದ್ದೆ (ಮಂಡ್ಯ)

ಸರ್, ಲೆಕ್ಕ ಚೆನ್ನಾಗಿದೆ. ಆದರೆ 13 ವರ್ಷದ ಗಾಡಿಗೆ ಬಿಡಿಭಾಗ?

ಯಂತ್ರ ಪಾಠ (ರಾಯಚೂರು)

ಅದು ಮಾಡೆಲ್ ಮೇಲೆ ಹೋಗುತ್ತದೆ. ಮಹೀಂದ್ರಾ 475, 575, ಮ್ಯಾಸಿ 1035, 241, ಸ್ವರಾಜ್ 735, 744 ಇಂಥವು ಲೆಕ್ಕವಿಲ್ಲದಷ್ಟು ಓಡಾಡುತ್ತಿವೆ. ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ. ಎಚ್‌ಎಂಟಿ ಒಂದು ಕಾಲಕ್ಕೆ ನಮ್ಮ ಕಡೆ ಬಹಳ ಓಡಿದ ಗಟ್ಟಿ ಗಾಡಿ. ಆದರೆ ಅದರ ಪಿಂಜೋರ್ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಂಥ ಗಾಡಿ ಕೊಳ್ಳುವವರು ನಿಮ್ಮ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು.

ಕಲ್ಲುಬಾವಿ (ಪಾವಗಡ)

ಒಂದು ಎಚ್ಚರಿಕೆ. ಬಾವಿ ತೋಡುವ, ಬಂಡೆ ಕೊರೆಯುವ ಕಂಪ್ರೆಸರ್ ಹೊತ್ತಿದ್ದ ಟ್ರ್ಯಾಕ್ಟರ್‌ಗಳು ಆಮೇಲೆ ಉಳುಮೆ ಗಾಡಿ ಅಂತ ಮಾರಾಟಕ್ಕೆ ಬರುತ್ತವೆ. ನಿಂತಲ್ಲೇ ನಿಂತು ದಿನವಿಡೀ ಎಂಜಿನ್ ಓಡಿರುತ್ತದೆ. ಟೈರ್ ಸವೆದಿರುವುದಿಲ್ಲ, ಗೇರ್ ಬಾಕ್ಸ್ ಹೊಸದರ ಹಾಗಿರುತ್ತದೆ, ನೋಡಿದವರಿಗೆ "ಕಡಿಮೆ ಓಡಿದೆ" ಅನ್ನಿಸುತ್ತದೆ. ಎಂಜಿನ್ ಮಾತ್ರ ಕಲ್ಲಿನ ದೂಳು ಕುಡಿದು ಮುಗಿದಿರುತ್ತದೆ. ಚಾಸಿಸ್ ಪಕ್ಕದಲ್ಲಿ ಬೇರೆ ಬೋಲ್ಟ್ ತೂತು, ಬ್ರಾಕೆಟ್ ಕತ್ತರಿಸಿದ ಗುರುತು ಇದೆಯಾ ನೋಡಿ. ರಾಶಿ ಮಷಿನ್‌ಗೆ ಕಟ್ಟಿ ಹಗಲು ರಾತ್ರಿ ಓಡಿಸಿದ ಗಾಡಿಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಗ್ಯಾರೇಜ್ ಮೇಸ್ತ್ರಿ (ದಾವಣಗೆರೆ)

ಪಾವಗಡದವರ ಮಾತು ನೂರಕ್ಕೆ ನೂರು ನಿಜ. ಎಂಜಿನ್ ತಿನ್ನುವುದು ದೂಳು. ಸಮಯಕ್ಕೆ ಆಯಿಲ್ ಬದಲಾಯಿಸಿ, ಏರ್ ಕ್ಲೀನರ್ ಚೊಕ್ಕಟವಾಗಿಟ್ಟ ಗಾಡಿ 8,000 ಗಂಟೆ ದಾಟಿಯೂ ಎಂಜಿನ್ ಬಿಚ್ಚದೆ ಓಡಿದ್ದು ನಮ್ಮ ಗ್ಯಾರೇಜಿಗೆ ಬಂದಿದೆ. 3,000ಕ್ಕೇ ಲೈನರ್ ಪಿಸ್ಟನ್ ಹಾಕಿಸಿಕೊಂಡವೂ ಬಂದಿವೆ. ಹಳೇ ಗಾಡಿಯ ಏರ್ ಕ್ಲೀನರ್ ಬಟ್ಟಲು ಬಿಚ್ಚಿ ನೋಡಿ. ಆಯಿಲ್ ಇದ್ದರೆ ಮಾಲೀಕರು ನೋಡಿಕೊಂಡಿದ್ದಾರೆ. ಒಣಗಿದ ಕೆಸರು ಇದ್ದರೆ ಮೀಟರ್ ಏನೇ ಹೇಳಲಿ, ವಾಪಸ್ ಬನ್ನಿ.

ಎರೆಹೊಲ ಅವರೇ, ನೀವು ಹೋಗುವ ದಿನ ಬೆಳಿಗ್ಗೆ ಹೋಗಿ. "ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಅಂತ ಮಾಲೀಕರಿಗೆ ಮೊದಲೇ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ, ತಣ್ಣಗಿರಬೇಕು. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ. ಆಮೇಲೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಹತ್ತಿರ ಕೂತು ನೋಡಿ. ಅಲ್ಲಿಂದ ಪುಸಪುಸ ಅಂತ ಹೊಗೆ ಒತ್ತಿ ಬರುತ್ತಿದ್ದರೆ ರಿಂಗ್, ಲೈನರ್ ಸವೆದಿವೆ. ಗಂಟೆ ಮೀಟರ್‌ಗಿಂತ ನಾನು ಈ ಪೈಪನ್ನೇ ಜಾಸ್ತಿ ನಂಬುತ್ತೇನೆ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗಲೇ ತೆಗೆದು ನೋಡಿ, ನೀರಿನ ಮೇಲೆ ಎಣ್ಣೆ ತೇಲಬಾರದು.

ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋದಲ್ಲಿ ಆಯಿಲ್ ಪ್ರೆಶರ್ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಕ್ಲಚ್ ನೋಡಲು ಎತ್ತರದ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ನಿಧಾನ ಕ್ಲಚ್ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಕಲ್ಟಿವೇಟರ್ ಕಟ್ಟಿ ಎತ್ತಿ, ಎಂಜಿನ್ ಬಂದ್ ಮಾಡಿ. ನಿಧಾನ ಇಳಿದರೆ ಆಯಿತು, ದಡಕ್ಕನೆ ಕೂತರೆ ಹೈಡ್ರಾಲಿಕ್ ಕೆಲಸ ಇದೆ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸಿ. ಇಳಿಜಾರಿನಲ್ಲಿ ಗೇರ್ ಹಾರುತ್ತದಾ ನೋಡಿ. ಹೊಸ ಬಣ್ಣ ಹೊಡೆದಿದ್ದರೆ ಹೆಡ್ ಬೋಲ್ಟ್‌ಗಳನ್ನು ಹತ್ತಿರದಿಂದ ನೋಡಿ, ಸ್ಪ್ಯಾನರ್ ಬಿದ್ದ ಗುರುತು ಬಣ್ಣದ ಕೆಳಗೂ ಕಾಣುತ್ತದೆ.

ಎಂಜಿನ್ ಕೆಲಸ ಬಂದರೆ ಈಗ 60 ಸಾವಿರದಿಂದ ಲಕ್ಷದವರೆಗೆ ಇಟ್ಟುಕೊಳ್ಳಿ. ಕ್ರ್ಯಾಂಕ್ ಕೂಡ ಹೋಗಿದ್ದರೆ ಇನ್ನೂ ಜಾಸ್ತಿ.

ಆರ್‌ಸಿ ನೋಡಿ (ತುಮಕೂರು)

ಕಾಗದದ ಬಗ್ಗೆ ಚುಟುಕಾಗಿ. ರೈತರ ಟ್ರ್ಯಾಕ್ಟರ್ ಆರ್‌ಸಿ ನೋಂದಣಿಯಿಂದ 15 ವರ್ಷ ಇರುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 15 ವರ್ಷ ಆದ ಕೂಡಲೇ ಗುಜರಿಗೆ ಹಾಕಬೇಕು ಅನ್ನುವುದು ಸರ್ಕಾರಿ ವಾಹನಗಳ ನಿಯಮ ನೋಡಿ ಹುಟ್ಟಿದ ಭಯ. ನಮ್ಮ ಉಳುಮೆ ಗಾಡಿಗೆ ಅದು ಇಲ್ಲ. ನಿಮ್ಮ 2012ರದ್ದು 2027ಕ್ಕೆ ನವೀಕರಣಕ್ಕೆ ಬರುತ್ತದೆ, ಆ ಓಡಾಟವನ್ನೂ ಬೆಲೆಯಲ್ಲಿ ಇಟ್ಟುಕೊಳ್ಳಿ.

ಆರ್‌ಸಿಯಲ್ಲಿ ನೋಂದಣಿ ದಿನ ಇರುತ್ತದೆ. ತಯಾರಾದ ತಿಂಗಳು, ವರ್ಷವನ್ನೂ ನೋಡಿ. ಕೆಲವು ಗಾಡಿ ಶೋರೂಮಿನಲ್ಲಿ ನಿಂತು ಮುಂದಿನ ವರ್ಷ ನೋಂದಣಿ ಆಗಿರುತ್ತವೆ. ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಲ್ಲಿನ ಸಾಲದ ನಮೂದು ತೆಗೆಸುವ ಫಾರ್ಮ್ 35 ಇಲ್ಲದೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಟ್ರಾಲಿಗೆ ಬೇರೆ ನೋಂದಣಿ ಇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಹೊರ ರಾಜ್ಯದ ಗಾಡಿಯಾದರೆ ಅಲ್ಲಿಯ ಆರ್‌ಟಿಒ ಎನ್‌ಒಸಿ ಬೇಕೇ ಬೇಕು.

ಸಂತೆ ಲೆಕ್ಕ (ಗದಗ)

ಬೆಲೆ ಬಗ್ಗೆ ಯಾರೂ ಹೇಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಮೊದಲು ತೆರಿಗೆ ಸೇರಿ 7 ಲಕ್ಷ ಇದ್ದ ಗಾಡಿಗೆ ಇದರಿಂದಲೇ ಸುಮಾರು 44 ಸಾವಿರ ಕಡಿಮೆಯಾಗುತ್ತದೆ. ಹೊಸದು ಇಳಿದರೆ ಹಳೆಯದೂ ಇಳಿಯಬೇಕು, ಅಲ್ವಾ? ಆದರೆ ಮಾರುವವರು ಇನ್ನೂ ಹಳೇ ರೇಟನ್ನೇ ಹೇಳುತ್ತಾರೆ. ಐದಾರು ವರ್ಷದ ಒಳಗಿನ ಗಾಡಿಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ, ಯಾಕೆಂದರೆ ಅವುಗಳ ಬೆಲೆಯನ್ನು ಹೊಸದರ ಜೊತೆ ಇಟ್ಟೇ ಹೇಳುವುದು. ಹರಿಹರದವರು 4.60 ಅಂದರೆ ಈ ಮಾತು ಎತ್ತಿ.

ಎರೆಹೊಲ (ರಾಣೇಬೆನ್ನೂರು)

ಎರಡೂ ಕಡೆ ಹೋಗಿ ಬಂದೆ. ನಮ್ಮೂರ ಮೆಕ್ಯಾನಿಕ್ ಜೊತೆಗಿದ್ದರು.

ಹರಿಹರದ 2020: ಮೀಟರ್ ಸರಿಯಾಗಿದೆ. ಮಾಲೀಕರು ಏನನ್ನೂ ಮುಚ್ಚಿಡದೆ ಹೇಳಿದರು, ನಾಲ್ಕು ಜನ ಡ್ರೈವರ್ ಬದಲಾಗಿದ್ದಾರಂತೆ. ಎಂಜಿನ್ ತಣ್ಣಗಿತ್ತು, ಸ್ಟಾರ್ಟ್ ಚೆನ್ನಾಗಿದೆ. ಆದರೆ ಬ್ರೀದರ್‌ನಿಂದ ಹೊಗೆ ಒತ್ತುತ್ತದೆ. ಕ್ಲಚ್ ಪರೀಕ್ಷೆಯಲ್ಲಿ ಎಂಜಿನ್ ಬಂದ್ ಬೀಳಲಿಲ್ಲ. ಟ್ರಾಲಿ ಹುಕ್ಕಿಗೆ ಎರಡು ಸಲ ವೆಲ್ಡಿಂಗ್ ಆಗಿದೆ. ಹಿಂದಿನ ಟೈರ್ ಮಾತ್ರ ಹೊಸದು. ಬೆಲೆ 4 ಲಕ್ಷ 35ಕ್ಕೆ ಬಂದಿತು.

ಚನ್ನಗಿರಿಯ 2012: ಮೇಸ್ತ್ರಿ ಹೇಳಿದ ಹಾಗೇ ಆಯಿತು. ರೇಸ್ ಮಾಡಿದರೆ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಯಾವಾಗ ನಿಂತಿತು ಅಂತ ಮನೆಯವರಿಗೆ ಗೊತ್ತಿಲ್ಲ. ಆದರೆ ಸರ್ವಿಸ್ ಪುಸ್ತಕ ಇಟ್ಟಿದ್ದರು. 2019ರ ಸರ್ವಿಸ್‌ನಲ್ಲಿ 2,610 ಅಂತ ಬರೆದಿದೆ. ಆಮೇಲೆ ಹೊರಗಿನ ಮೆಕ್ಯಾನಿಕ್, ಆದರೆ ಆಯಿಲ್ ಫಿಲ್ಟರ್ ಬಿಲ್‌ಗಳು ಪ್ರತಿ ವರ್ಷದ್ದೂ ಇವೆ. ಏಳು ವರ್ಷಕ್ಕೆ 2,610 ಅಂದರೆ ಅವರ ಓಟ ವರ್ಷಕ್ಕೆ 370ರಷ್ಟು. ಅದೇ ಲೆಕ್ಕ ಹಿಡಿದರೆ ಈಗ 5,000ದ ಹತ್ತಿರ. ಪೆಡಲ್, ಸ್ಟೀರಿಂಗ್ ನೋಡಿದರೂ ಅದು ಸರಿ ಅನ್ನಿಸಿತು. ಬ್ರೀದರ್‌ನಲ್ಲಿ ಹೊಗೆ ಇಲ್ಲ, ಕ್ಲಚ್ ಗಟ್ಟಿ ಇದೆ, ಪಿನ್ ತೂತು ದುಂಡಗಿದೆ, ಏರ್ ಕ್ಲೀನರ್‌ನಲ್ಲಿ ಆಯಿಲ್ ಇದೆ. ಗಾಡಿ ಈಗಲೂ ದಿನಾ ಓಡುತ್ತಿದೆ. ಎಡಗಡೆ ಹಿಂದಿನ ಆಕ್ಸಲ್ ಸೀಲ್ ಸೋರುತ್ತದೆ. ಟೈರ್ ಮೇಲಿನ ನಾಲ್ಕು ಅಂಕಿ 3414 ಅಂತ ಇದೆ, ಅಂದರೆ 2014ರ 34ನೇ ವಾರದ್ದು. ಬದಿಯಲ್ಲಿ ಬಿರುಕು. ಹೋಸ್‌ಗಳೂ ಹಳೆಯವು.

ಈಗ ಏನು ಹೇಳುತ್ತೀರಿ?

ಗ್ಯಾರೇಜ್ ಮೇಸ್ತ್ರಿ (ದಾವಣಗೆರೆ)

5,000 ಅಂತಲೇ ಇಟ್ಟುಕೊಂಡು ಮಾತಾಡಿ. ಹಾಗಿದ್ದೂ ನಾನು ಚನ್ನಗಿರಿ ಗಾಡಿ ತೆಗೆದುಕೊಳ್ಳುತ್ತೇನೆ. ಹಿಂದಿನ ಟೈರ್ ಜೋಡಿಗೆ 40 ಸಾವಿರದ ಆಸುಪಾಸು, ಎರಡೂ ಕಡೆ ಸೀಲ್, ಹೋಸ್, ಬೆಲ್ಟ್, ಮೀಟರ್ ಕೇಬಲ್, ಎಲ್ಲ ಆಯಿಲ್ ಬದಲು. 60 ಸಾವಿರ ಕಳೆದು ಕೇಳಿ. ಹರಿಹರದ್ದಕ್ಕೆ ಎಂಜಿನ್, ಕ್ಲಚ್ ಎರಡೂ ಸೇರಿಸಿದರೆ 5 ಲಕ್ಷ ದಾಟುತ್ತದೆ, ಅದೂ ಮುಂಗಾರಿನ ಬಾಗಿಲಲ್ಲಿ ಗಾಡಿ ಬಿಚ್ಚಿ ಇಡಬೇಕು.

ಕಬ್ಬಿನ ಗದ್ದೆ (ಮಂಡ್ಯ)

ನಾನು ಈಗಲೂ 2020 ಅನ್ನುತ್ತೇನೆ. ಎಂಜಿನ್ ಮಾಡಿಸಿದರೆ ಅದು ಹೊಸ ಎಂಜಿನ್ನಿನ ಆರು ವರ್ಷದ ಗಾಡಿ. ಐದು ವರ್ಷ ಬಿಟ್ಟು ಮಾರಿದರೆ ದುಡ್ಡು ಬರುತ್ತದೆ. 2012ರದ್ದಕ್ಕೆ ಆಗ ಏನು ಬರುತ್ತದೆ ಹೇಳಿ. ಆದರೆ ನಿಮಗೆ ಮಾರುವ ಯೋಚನೆ ಇಲ್ಲದಿದ್ದರೆ ನನ್ನ ಮಾತು ಬಿಡಿ.

ಎರೆಹೊಲ (ರಾಣೇಬೆನ್ನೂರು)

ಮಾರುವ ಯೋಚನೆ ಇಲ್ಲ ಅಣ್ಣಾ. ಚನ್ನಗಿರಿಯವರ ಹತ್ತಿರ 2 ಲಕ್ಷ 60ಕ್ಕೆ ಮಾತಾಯಿತು. ಟ್ರಾಲಿ ಇಲ್ಲ, ಗಾಡಿ ಮಾತ್ರ. ಸರ್ವಿಸ್ ಪುಸ್ತಕ, ಬಿಲ್ ಎಲ್ಲ ನೋಡಿ ಅಪ್ಪನೂ ಒಪ್ಪಿದರು.

ಕೃಷ್ಣಾ ತೀರ (ಅಥಣಿ)

ಈ ಚರ್ಚೆಯಲ್ಲೇ ನನ್ನದೂ ಕೇಳುತ್ತೇನೆ. ನಾನು ಪೂರ್ತಿ ಬಾಡಿಗೆಗೆ ಓಡಿಸುವವನು. ರೋಟವೇಟರ್, ಸೀಸನ್‌ನಲ್ಲಿ ಕಬ್ಬು, ವರ್ಷಕ್ಕೆ 1,000 ಗಂಟೆ ಹತ್ತಿರ. 55 ಎಚ್‌ಪಿಯಲ್ಲಿ ಎರಡು ನೋಡಿದ್ದೇನೆ. 2018ರದ್ದು 2,600 ಗಂಟೆ, 5 ಲಕ್ಷ 40. 2023ರದ್ದು 3,900 ಗಂಟೆ, 7 ಲಕ್ಷ 50. ಎರೆಹೊಲ ಅವರಿಗೆ ಹೇಳಿದ್ದೇ ನನಗೂ ಸರಿಹೋಗುತ್ತದಾ?

ಯಂತ್ರ ಪಾಠ (ರಾಯಚೂರು)

ಇಲ್ಲ, ನಿಮ್ಮದು ಬೇರೆ ಲೆಕ್ಕ. ನಿಮ್ಮ ಓಟಕ್ಕೆ ಎಷ್ಟು ಗಂಟೆ ಉಳಿದಿದೆ ಅನ್ನುವುದೇ ಮೊದಲು. 1,300 ಗಂಟೆ ವ್ಯತ್ಯಾಸ ಅಂದರೆ ನಿಮಗೆ ಒಂದು ವರ್ಷದ ಮೇಲಿನ ದುಡಿಮೆ. ಅದು 2018ರದ್ದರಲ್ಲಿದೆ, ಬೆಲೆಯೂ 2 ಲಕ್ಷ 10 ಸಾವಿರ ಕಡಿಮೆ. ಎರೆಹೊಲ ಅವರಿಗೆ 5,000 ಗಂಟೆಯ ಗಾಡಿ ಹತ್ತು ವರ್ಷ ಬಂದೀತು. ನಿಮಗೆ ಅದು ಬೇಡವೇ ಬೇಡ.

ಇನ್ನೊಂದು ವ್ಯತ್ಯಾಸ ಇದೆ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿ 1ರಿಂದ ಹೊಸ ಹೊಗೆ ನಿಯಮ, ಟ್ರೆಮ್ 4, ಬಂದಿದೆ. ಹಾಗಾಗಿ ಆ 2023ರ ಗಾಡಿ ಸಿಆರ್‌ಡಿಐ ಇರಬಹುದು. ಡೀಸೆಲ್ ಪಂಪ್, ನಾಜಲ್ ಎಲ್ಲ ಕಂಪ್ಯೂಟರ್ ಹಿಡಿತದಲ್ಲಿ. ಓಡಿಸಲು ಚೆನ್ನಾಗಿದೆ, ಆದರೆ ಡೀಸೆಲ್ ಚೊಕ್ಕಟವಾಗಿರಬೇಕು, ತೊಂದರೆ ಬಂದರೆ ಶೋರೂಮಿನ ಲ್ಯಾಪ್‌ಟಾಪ್ ಬೇಕು. ಕಬ್ಬಿನ ಸೀಸನ್‌ನಲ್ಲಿ ಅವರು ನಿಮ್ಮ ಊರಿಗೆ ಎಷ್ಟು ಬೇಗ ಬರುತ್ತಾರೆ ಅಂತ ಅಲ್ಲಿ ಓಡಿಸುವವರನ್ನೇ ಕೇಳಿ.

ಕೃಷ್ಣಾ ತೀರ (ಅಥಣಿ)

2023ರದ್ದಕ್ಕೆ ಇನ್ನೂ ವಾರಂಟಿ ಇದೆ ಅನ್ನುತ್ತಾರೆ.

ಗ್ಯಾರೇಜ್ ಮೇಸ್ತ್ರಿ (ದಾವಣಗೆರೆ)

ಟ್ರ್ಯಾಕ್ಟರ್ ವಾರಂಟಿ ಸಾಮಾನ್ಯವಾಗಿ ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು. ನಿಮ್ಮ ಓಟಕ್ಕೆ ಗಂಟೆಯೇ ಮೊದಲು ಮುಗಿಯುತ್ತದೆ. ಸರ್ವಿಸ್ ತಪ್ಪಿಸಿದ್ದರೆ ಅದೂ ಸಿಗದಿರಬಹುದು. ಚಾಸಿಸ್ ನಂಬರ್ ಬರೆದುಕೊಂಡು ಆ ಕಂಪನಿಯ ಶೋರೂಮಿಗೆ ಹೋಗಿ, ಸರ್ವಿಸ್ ಆದ ತಾರೀಕು, ಅವತ್ತಿನ ಗಂಟೆ, ಎರಡನ್ನೂ ಕೇಳಿ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದಾ ಅಂತ ಬರೆದುಕೊಡಲು ಹೇಳಿ. 2018ರದ್ದರ ನಂಬರನ್ನೂ ಜೊತೆಗೇ ಕೊಡಿ, 2,600 ನಿಜವೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಭಾನುವಾರ ಬಿಟ್ಟು ಹೋಗಿ, ವರ್ಕ್‌ಶಾಪ್ ತೆರೆದಿರಬೇಕು.